ತದ್ರೂಪಿ ಡಿಸ್ಕಿನ ತೂಕಡಿಕೆ

ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಹೊಸ ಎಸ್‌ಎಸ್‌ಡಿ ಹಾಕಿಸಿದ ಮೇಲೂ ಲ್ಯಾಪ್‌ಟಾಪ್ ತೆವಳುತ್ತಿದ್ದರೆ ಯಾರನ್ನು ದೂರುವುದು? ಡಿಸ್ಕ್ ಮಾರಿದವರು ಕ್ಲೋನ್ ಮಾಡಿದವರತ್ತ ಕೈ ತೋರಿಸುತ್ತಾರೆ. ಕ್ಲೋನ್ ಮಾಡಿದವರು ವಿಂಡೋಸ್‌ನತ್ತ ತೋರಿಸುತ್ತಾರೆ. ವಿಂಡೋಸ್ ಏನೂ ಹೇಳದೆ ಚುಕ್ಕೆಗಳನ್ನು ಗಿರಗಿರ ಸುತ್ತಿಸುತ್ತ ಕೂರುತ್ತದೆ. ಕಡೆಗೆ ಎಲ್ಲರೂ ಸೇರಿ ‘ಮಷೀನು ಹಳೇದಾಯ್ತು, ಹೊಸದು ತಗೊಳ್ಳಿ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪಿಗೆ ತಲೆಬಾಗುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಯಂತ್ರ ಕಾಯುತ್ತಿರುವುದು ಯಾರಿಗಾಗಿ?

ಕಂಪ್ಯೂಟರಿನ ನಿಧಾನ ಬಹುಪಾಲು ಕಾಯುವಿಕೆಯೇ. ಪ್ರೊಸೆಸರ್ ಸೆಕೆಂಡಿಗೆ ನೂರಾರು ಕೋಟಿ ಹೆಜ್ಜೆ ಇಡಬಲ್ಲದು. ಆದರೆ ಮುಂದಿನ ಹೆಜ್ಜೆಗೆ ಬೇಕಾದ ತುಣುಕು ಡಿಸ್ಕಿನಲ್ಲಿದ್ದರೆ ಅದು ಬರುವವರೆಗೆ ಮಾಡುವುದೇನೂ ಇಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ವರ್ಷಗಟ್ಟಲೆ ದುಡಿದ ಎರಡೂವರೆ ಇಂಚಿನ ಹಾರ್ಡ್‌ಡಿಸ್ಕನ್ನೇ ನೋಡಿ. ಅದರ ತಟ್ಟೆ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ತುಣುಕು ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು: ಐದೂವರೆ ಮಿಲಿಸೆಕೆಂಡ್. ಅದಕ್ಕೂ ಮೊದಲು ಮೊನೆಯನ್ನು ಹೊತ್ತ ತೋಳು ಸರಿಯಾದ ಜಾಡಿಗೆ ಸರಿಯಬೇಕು: ಇನ್ನೊಂದು ಹನ್ನೆರಡು. ಒಟ್ಟು 17–18 ಮಿಲಿಸೆಕೆಂಡ್. ಹೀಗೆ ಅಲ್ಲಲ್ಲಿ ಚದುರಿದ ತುಣುಕುಗಳನ್ನು ಹೆಕ್ಕಬೇಕೆಂದರೆ ಸೆಕೆಂಡಿಗೆ ಅರುವತ್ತು ದಾಟುವುದು ಕಷ್ಟ. ಒಂದೊಂದು ತುಣುಕೂ 4 ಕೆಬಿ ಎಂದಿಟ್ಟುಕೊಂಡರೆ ಸೆಕೆಂಡಿಗೆ ಕೈಗೆ ಬಂದದ್ದು 240 ಕೆಬಿ. ಅದೇ ಡಿಸ್ಕು ಒಂದು ಸಿನಿಮಾ ಫೈಲನ್ನು ಒಂದೇ ಓಟದಲ್ಲಿ ಓದುವಾಗ ಸೆಕೆಂಡಿಗೆ 100 ಎಂಬಿ ಕೊಡುತ್ತದೆ. ನಾನೂರು ಪಟ್ಟು ಅಂತರ! ಪೆಟ್ಟಿಗೆಯ ಮೇಲೆ ಅಚ್ಚಾಗುವುದು ದೊಡ್ಡ ಅಂಕಿ. ವಿಂಡೋಸ್ ಏಳುವಾಗ, ಬ್ರೌಸರ್ ತೆರೆಯುವಾಗ ನಮ್ಮ ಪಾಲಿಗೆ ಬರುವುದು ಚಿಕ್ಕದು.

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಚದುರಿದ ತುಣುಕೊಂದನ್ನು ತರಲು ಅದಕ್ಕೆ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅರುವತ್ತರ ಜಾಗದಲ್ಲಿ ಹತ್ತು ಸಾವಿರ. ಹತ್ತು ವರ್ಷದ ಲ್ಯಾಪ್‌ಟಾಪ್ ಎಸ್‌ಎಸ್‌ಡಿ ಹಾಕಿದ ಮೇಲೆ ಎದ್ದು ಓಡಾಡುತ್ತದೆ ಎಂದು ಜನ ಹೇಳುವುದು ಉತ್ಪ್ರೇಕ್ಷೆಯಲ್ಲ. ಓಡಾಡುತ್ತಿಲ್ಲ ಎಂದರೆ ಆ ಲಾಭವನ್ನು ಮಧ್ಯದಲ್ಲಿ ಏನೋ ತಿನ್ನುತ್ತಿದೆ.

ಕ್ಲೋನಿಂಗ್, ಅಂದರೆ ಹಳೆಯ ಡಿಸ್ಕಿನಲ್ಲಿ ಇರುವುದನ್ನೆಲ್ಲ ಇದ್ದಂತೆಯೇ ಹೊಸದಕ್ಕೆ ನಕಲಿಸುವುದು, ಹೊಸ ವಿದ್ಯೆಯೇನಲ್ಲ. ನ್ಯೂಜಿಲೆಂಡಿನ ಮರ್ರಿ ಹಸರ್ಡ್ 1990ರ ದಶಕದ ಮಧ್ಯದಲ್ಲಿ ಬರೆದ ‘ಘೋಸ್ಟ್’ ತಂತ್ರಾಂಶ ಅದನ್ನು ಜಗತ್ತಿನ ರಿಪೇರಿ ಅಂಗಡಿಗಳಿಗೆಲ್ಲ ತಲುಪಿಸಿತು. 1998ರಲ್ಲಿ ಸಿಮ್ಯಾಂಟೆಕ್ ಅದನ್ನು ಕೊಂಡಮೇಲೆ ‘ನಾರ್ಟನ್ ಘೋಸ್ಟ್’ ಎಂದೇ ಮನೆಮಾತಾಯಿತು. ಈಗ ತೈವಾನಿನಲ್ಲಿ ರೂಪುಗೊಂಡ ‘ಕ್ಲೋನ್‌ಜಿಲ್ಲಾ’ ಪುಕ್ಕಟೆಯಾಗಿ ಸಿಗುತ್ತದೆ. ಎಸ್‌ಎಸ್‌ಡಿ ಕಂಪನಿಗಳೂ ತಮ್ಮ ತಮ್ಮ ಕ್ಲೋನಿಂಗ್ ತಂತ್ರಾಂಶ ಕೊಡುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಡಿಸ್ಕ್ ಕೊಂಡರೆ ‘ಹಂಗೇ ಕ್ಲೋನ್ ಮಾಡ್ಕೊಡ್ತೀವಿ, ಟೀ ಕುಡ್ಕೊಂಡ್ ಬನ್ನಿ’ ಎನ್ನುವಷ್ಟು ಮಾಮೂಲು ಕೆಲಸ ಅದು.

ಹೊಸದಾಗಿ ವಿಂಡೋಸ್ ಹಾಕಿಕೊಳ್ಳುವ ಬದಲು ಕ್ಲೋನ್ ಏಕೆ ಎಂದರೆ ಊರೂರಿನ ಡಿಟಿಪಿ ಅಂಗಡಿಗಳಿಗೆ ಹೋಗಿ ನೋಡಬೇಕು. ಲಗ್ನಪತ್ರಿಕೆ, ಕರಪತ್ರ, ಸಂಘದ ವಾರ್ಷಿಕ ವರದಿ, ಎಲ್ಲವೂ ಇವತ್ತಿಗೂ ಪೇಜ್‌ಮೇಕರಿನಲ್ಲಿ. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರ ಜೊತೆಗೆ ನುಡಿ ಅಥವಾ ಬರಹದ ಹಳೆಯ ಫಾಂಟುಗಳು. ಒಂದು ಫಾಂಟಿನ ಆವೃತ್ತಿ ಆಚೀಚೆಯಾದರೂ ಹಳೆಯ ಫೈಲಿನ ಒತ್ತಕ್ಷರಗಳು ಕಿತ್ತು ದಿಕ್ಕಾಪಾಲಾಗುತ್ತವೆ. ಹೀಗಾಗಿ ‘ಇರೋದು ಇರೋ ಹಾಗೇ ಬರಬೇಕು’ ಎಂಬುದೇ ಅವರ ಷರತ್ತು. ನ್ಯಾಯವಾದ ಷರತ್ತೇ. ತೊಂದರೆ ಶುರುವಾಗುವುದೂ ಅದರಿಂದಲೇ. ಡಿಸ್ಕಿನ ಮೇಲೆ ಇರುವುದು ಫೈಲುಗಳಷ್ಟೇ ಅಲ್ಲ. ಆ ಡಿಸ್ಕು ಎಂಥದು, ಎಷ್ಟು ಮಂದಗತಿಯದು, ಅದರ ಅಳತೆ ಏನು ಎಂಬ ಬಗ್ಗೆ ಹಿಂದೆಂದೋ ಯಾರೋ ಮಾಡಿಟ್ಟ ಊಹೆಗಳೂ ಅಲ್ಲಿ ಬರೆದಿಟ್ಟಂತೆಯೇ ಇರುತ್ತವೆ. ಕ್ಲೋನ್ ಅವನ್ನೂ ಅಚ್ಚುಕಟ್ಟಾಗಿ ಹೊತ್ತು ತರುತ್ತದೆ. ಹೊಸ ಡಿಸ್ಕು ಹಳೆಯದರ ಕಟ್ಟುಪಾಡಿನಲ್ಲಿ ಬಾಳಬೇಕಾಗುತ್ತದೆ.

ತಪಾಸಣೆಯ ಮೊದಲ ಹೆಜ್ಜೆ ಎಷ್ಟು ಸರಳವೆಂದರೆ ಬಹಳ ಜನ ಅದನ್ನು ಬಿಟ್ಟೇಬಿಡುತ್ತಾರೆ. ಯಂತ್ರ ಯಾವ ಡಿಸ್ಕಿನಿಂದ ಎದ್ದಿದೆ? ನಮ್ಮಲ್ಲಿ ಒಂದು ರೂಢಿ ಇದೆ: ಯಾರೂ ಬಳಸದ ಡಿವಿಡಿ ಡ್ರೈವನ್ನು ಬಿಚ್ಚಿ ಆ ಜಾಗಕ್ಕೆ ‘ಕ್ಯಾಡಿ’ ಎಂಬ ಚೌಕಟ್ಟು ತೂರಿಸಿ, ಅದರಲ್ಲಿ ಹಳೆಯ ಹಾರ್ಡ್‌ಡಿಸ್ಕನ್ನು ಕೂರಿಸುವುದು. ಜಾಣ ಉಪಾಯವೇ. ಆದರೆ ಎರಡೂ ಡಿಸ್ಕಿನಲ್ಲಿ ಅದೇ ವಿಂಡೋಸ್, ಅದೇ ವಾಲ್‌ಪೇಪರ್, ಅದೇ ಐಕಾನುಗಳು. ಬಯೋಸ್‌ನ (ಆನ್ ಮಾಡಿದೊಡನೆ ಮೊದಲು ಓಡುವ ತಂತ್ರಾಂಶದ) ಪಟ್ಟಿಯಲ್ಲಿ ಹಳೆಯದು ಮೇಲಿದ್ದರೆ ಯಂತ್ರ ಅದರಿಂದಲೇ ಏಳುತ್ತದೆ. ಹೊಸದು ಸುಮ್ಮನೆ ಬಿದ್ದಿರುತ್ತದೆ. ಪರದೆ ನೋಡಿ ವ್ಯತ್ಯಾಸ ಹೇಳಲು ಬ್ರಹ್ಮನಿಗೂ ಸಾಧ್ಯವಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ‘ಬೂಟ್’ ಎಂಬ ಪದ ಯಾವ ಡಿಸ್ಕಿನ ಎದುರು ಇದೆ ಎಂದು ನೋಡಬೇಕು. ಇನ್ನೂ ಖಚಿತ ದಾರಿ ಎಂದರೆ ಹಳೆಯದನ್ನು ಬಿಚ್ಚಿಟ್ಟು ಆನ್ ಮಾಡುವುದು.

ಇನ್ನು ಕೆಲವೊಮ್ಮೆ ಯಂತ್ರ ಏಳುವುದು ಹೊಸದರಿಂದಲೇ, ಕಾಲು ಮಾತ್ರ ಹಳೆಯದರಲ್ಲಿರುತ್ತದೆ. ಹಳೆಯ ಬಗೆಯ ವಿಭಜನೆಯುಳ್ಳ ಪ್ರತಿ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ (ಡಿಸ್ಕು ದತ್ತಾಂಶ ಇಡುವ ಅತಿ ಚಿಕ್ಕ ತುಂಡು), 440ನೇ ಬೈಟಿನಿಂದ ಶುರುವಾಗುವ ನಾಲ್ಕು ಬೈಟುಗಳ ಒಂದು ಗುರುತು ಇರುತ್ತದೆ. ವಿಂಡೋಸ್ ಡಿಸ್ಕುಗಳನ್ನು ಗುರುತಿಸುವುದು ಆ ಸಹಿಯಿಂದ. ಕ್ಲೋನ್ ಆದಮೇಲೆ ಎರಡು ಡಿಸ್ಕಿಗೆ ಒಂದೇ ಸಹಿ. ಎರಡೂ ಒಟ್ಟಿಗೆ ಕಂಡರೆ ವಿಂಡೋಸ್ ಒಂದನ್ನು ‘ಆಫ್‌ಲೈನ್’ ಎಂದು ಪಕ್ಕಕ್ಕೆ ಸರಿಸುತ್ತದೆ, ಇಲ್ಲವೇ ಸಹಿಯನ್ನೇ ಬದಲಿಸುತ್ತದೆ. ಡ್ರೈವ್ ಅಕ್ಷರಗಳು ಅದಲುಬದಲಾದರೆ ಪೇಜ್‌ಫೈಲ್ (ರ‍್ಯಾಮ್ ತುಂಬಿದಾಗ ವಿಂಡೋಸ್ ಬಳಸುವ ಡಿಸ್ಕಿನ ಮೇಲಿನ ಜಾಗ) ಹಳೆಯ ಡಿಸ್ಕಿನಲ್ಲೇ ಉಳಿದುಬಿಡುತ್ತದೆ. ಆಗ ಎಸ್‌ಎಸ್‌ಡಿ ಎಷ್ಟೇ ಚುರುಕಾಗಿದ್ದರೂ ಮೆಮರಿ ಸಾಲದಾದಾಗಲೆಲ್ಲ ಆ 17 ಮಿಲಿಸೆಕೆಂಡಿನ ತಟ್ಟೆಗೇ ಕಾಯಬೇಕು. ಕ್ಲೋನ್ ಆದಮೇಲಿನ ಮೊದಲ ಬೂಟ್ ಹೊಸ ಡಿಸ್ಕ್ ಒಂದನ್ನೇ ಇಟ್ಟು ಮಾಡಿ ಎಂದು ಅನುಭವಸ್ಥರು ಹೇಳುವುದು ಇದಕ್ಕೇ.

ಎರಡನೆಯ ಹೆಜ್ಜೆಗೆ ಯಾವ ಸಾಫ್ಟ್‌ವೇರನ್ನೂ ಕೊಳ್ಳಬೇಕಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ‘ಪರ್ಫಾರ್ಮೆನ್ಸ್’ ಪುಟಕ್ಕೆ ಹೋಗಿ ಡಿಸ್ಕಿನ ಮೇಲೆ ಒತ್ತಿ. ಅಲ್ಲಿ ಮೂರು ಅಂಕಿಗಳನ್ನು ಜೊತೆಯಾಗಿ ಓದಬೇಕು: ಡಿಸ್ಕು ಎಷ್ಟು ಶೇಕಡಾ ಹೊತ್ತು ಕೆಲಸದಲ್ಲಿದೆ, ಸೆಕೆಂಡಿಗೆ ಎಷ್ಟು ದತ್ತಾಂಶ ಸಾಗುತ್ತಿದೆ, ಒಂದು ಕೋರಿಕೆಗೆ ಉತ್ತರ ಬರಲು ಸರಾಸರಿ ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತಿದೆ. ಮೊದಲನೆಯದು ನೂರಕ್ಕೆ ಅಂಟಿಕೊಂಡಿದ್ದು, ಸಾಗಣೆ ಒಂದೆರಡು ಎಂಬಿ ಮಾತ್ರ ಇದ್ದು, ಉತ್ತರದ ಸಮಯ ನೂರಾರು ಮಿಲಿಸೆಕೆಂಡಿಗೆ ಏರಿದ್ದರೆ ಅಪರಾಧಿ ಡಿಸ್ಕಿನ ಕಡೆಯೇ ಇದ್ದಾನೆ. ಡಿಸ್ಕು ಆರಾಮಾಗಿ ಶೇಕಡಾ ಐದರಲ್ಲಿದ್ದು ಲ್ಯಾಪ್‌ಟಾಪ್ ಮಾತ್ರ ಒದ್ದಾಡುತ್ತಿದ್ದರೆ ಡಿಸ್ಕನ್ನು ಬಿಟ್ಟು ಬೇರೆಡೆ ಹುಡುಕಬೇಕು. ಇದನ್ನು ನೋಡದೆ ಮತ್ತೊಮ್ಮೆ ಕ್ಲೋನ್ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಂದು ಎಚ್ಚರಿಕೆ: ಕ್ಲೋನ್ ಆದ ದಿನವೇ ತೀರ್ಪು ಬೇಡ. ಅಗ್ಗದ ಎಸ್‌ಎಸ್‌ಡಿಗಳು ತಮ್ಮೊಳಗಿನ ಒಂದು ಭಾಗವನ್ನು ವೇಗದ ಉಗ್ರಾಣವಾಗಿ ಬಳಸುತ್ತವೆ. ನೂರಾರು ಜಿಬಿ ಒಮ್ಮೆಲೇ ಸುರಿದಾಗ ಅದು ತುಂಬಿ, ಬರೆಯುವ ವೇಗ ಸೆಕೆಂಡಿಗೆ 100 ಎಂಬಿಗಿಂತಲೂ ಕೆಳಗಿಳಿಯುವುದುಂಟು. ಜೊತೆಗೆ ಆಂಟಿವೈರಸ್ ಎಲ್ಲವನ್ನೂ ಹೊಸದಾಗಿ ಜಾಲಾಡುತ್ತಿರುತ್ತದೆ. ಚಾರ್ಜರ್ ಸಿಕ್ಕಿಸಿ ಒಂದು ರಾತ್ರಿ ಅದರ ಪಾಡಿಗೆ ಬಿಟ್ಟರೆ ಎಷ್ಟೋ ‘ರೋಗ’ಗಳು ಬೆಳಗಾಗುವುದರೊಳಗೆ ವಾಸಿಯಾಗಿರುತ್ತವೆ.

ವಾಸಿಯಾಗದ ಒಂದು ಯಂತ್ರವನ್ನು ಹತ್ತಿರದಿಂದ ನೋಡೋಣ. ತುಮಕೂರಿನ ಒಂದು ಡಿಟಿಪಿ ಅಂಗಡಿಯದು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕೊಂಡದ್ದು. ಆಮೇಲೆ ಅದೇ ಪಾರ್ಟಿಶನ್‌ನಲ್ಲಿ (ಡಿಸ್ಕಿನ ಅದೇ ವಿಭಾಗದಲ್ಲಿ) ವಿಂಡೋಸ್ 7 ಬಂತು. 2015ರಲ್ಲಿ ಮೈಕ್ರೋಸಾಫ್ಟ್ ಪುಕ್ಕಟೆ ಕೊಟ್ಟಾಗ 10 ಏರಿತು. ಕಡೆಗೆ ಎಲ್ಲವೂ ಎಸ್‌ಎಸ್‌ಡಿಗೆ ಕ್ಲೋನ್ ಆಯಿತು. ಮಾಲೀಕರ ದೂರು ಬಹಳ ಸ್ಪಷ್ಟವಾಗಿತ್ತು. “ಆನ್ ಮಾಡಿದ್ರೆ ಬೇಗ ಬರುತ್ತೆ ಸಾರ್, ಅದ್ರಲ್ಲಿ ಮಾತಿಲ್ಲ. ಕೆಲಸ ಶುರು ಮಾಡಿದ್ಮೇಲೆ ಮಧ್ಯೆ ಮಧ್ಯೆ ನಿಂತೋಗುತ್ತೆ. ಸೇವ್ ಕೊಟ್ರಂತೂ ಆಕಳಿಸ್ತಾ ಕೂರುತ್ತೆ.” ಒಳ್ಳೆಯ ವೈದ್ಯರಿಗೆ ರೋಗಿಯ ಇಂಥ ಎರಡು ವಾಕ್ಯ ಸಾಕು. ಬೇಗ ಏಳುತ್ತದೆ ಎಂದರೆ ಓದುವಿಕೆ ಸರಿಯಿದೆ. ಸೇವ್ ಮಾಡುವಾಗ ನಿಲ್ಲುತ್ತದೆ ಎಂದರೆ ಬರೆಯುವಿಕೆಗೆ ಏನೋ ಅಡ್ಡ ಬಂದಿದೆ. “ಹಳೇ ಡಿಸ್ಕಿನಲ್ಲಿ ಹೀಗೆ ಆಗ್ತಿತ್ತಾ?” ಎಂದರೆ, “ಅದು ಎಲ್ಲಾದಕ್ಕೂ ನಿಧಾನ ಸಾರ್, ಇದರ ಥರ ಆಟ ಆಡ್ತಿರಲಿಲ್ಲ” ಎಂದರು.

ವಿಂಡೋಸ್‌ನಲ್ಲೇ ಇರುವ ‘ಸಿಸ್ಟಂ ಇನ್ಫರ್ಮೇಶನ್’ ತೆರೆದು, ಸ್ಟೋರೇಜ್ ಕೆಳಗಿನ ಡಿಸ್ಕ್ಸ್ ಪುಟಕ್ಕೆ ಹೋದರೆ ‘ಪಾರ್ಟಿಶನ್ ಸ್ಟಾರ್ಟಿಂಗ್ ಆಫ್‌ಸೆಟ್’ ಎಂಬ ಸಾಲು ಸಿಗುತ್ತದೆ. ಡಿಸ್ಕಿನ ಆರಂಭದಿಂದ ಎಷ್ಟು ಬೈಟ್ ಆಚೆಗೆ ನಮ್ಮ ಸಿ ಡ್ರೈವ್ ಶುರುವಾಗುತ್ತದೆ ಎಂಬ ಲೆಕ್ಕ ಅದು. ಅಲ್ಲಿದ್ದ ಅಂಕಿ 32,256. ನೋಡಿದ ತಕ್ಷಣ ವಯಸ್ಸು ಹೇಳಿಬಿಡುವ ಅಂಕಿ. ಅದನ್ನು 512ರಿಂದ ಭಾಗಿಸಿದರೆ 63 ಬರುತ್ತದೆ.

ಈ 63ರ ಕಥೆ ಸ್ವಾರಸ್ಯವಾಗಿದೆ. ಮೊದಮೊದಲ ಪಿಸಿಗಳಲ್ಲಿ ಡಿಸ್ಕಿನ ಯಾವುದೇ ಜಾಗದ ವಿಳಾಸಕ್ಕೆ ಮೂರು ಭಾಗ: ಎಷ್ಟನೇ ಸಿಲಿಂಡರ್, ಎಷ್ಟನೇ ಹೆಡ್, ಎಷ್ಟನೇ ಸೆಕ್ಟರ್. ಸೆಕ್ಟರಿನ ಸಂಖ್ಯೆಗೆಂದು ಬಯೋಸ್ ಆರು ಬಿಟ್ ಎತ್ತಿಟ್ಟಿತ್ತು. ಆರು ಬಿಟ್‌ಗಳಲ್ಲಿ 64 ಸಂಖ್ಯೆಗಳನ್ನು ಬರೆಯಬಹುದು. ಎಣಿಕೆ ಒಂದರಿಂದ ಶುರು, ಸೊನ್ನೆ ಲೆಕ್ಕಕ್ಕಿಲ್ಲ. ಉಳಿದದ್ದು 63. ಅಂದರೆ ಒಂದು ಜಾಡಿನಲ್ಲಿ ಹೆಚ್ಚೆಂದರೆ 63 ಸೆಕ್ಟರ್. ಮೊಟ್ಟಮೊದಲ ಸೆಕ್ಟರಿನಲ್ಲಿ ಡಿಸ್ಕಿನ ವಿಭಜನೆಯ ಪಟ್ಟಿ ಕೂರುತ್ತಿತ್ತು. ಆ ಜಾಡಿನ ಉಳಿದ ಭಾಗವನ್ನು ಖಾಲಿ ಬಿಟ್ಟು, ಎರಡನೆಯ ಜಾಡಿನ ಆರಂಭದಿಂದ ಪಾರ್ಟಿಶನ್ ಶುರು ಮಾಡುವುದು ಡಾಸ್ ಕಾಲದ ಸಂಪ್ರದಾಯ. ಆಮೇಲೆ ಡಿಸ್ಕುಗಳು ಬದಲಾದವು. ಹೊರ ಅಂಚಿನ ಉದ್ದದ ಜಾಡುಗಳಲ್ಲಿ ಹೆಚ್ಚು ಸೆಕ್ಟರ್, ಒಳಗಿನ ಗಿಡ್ಡ ಜಾಡುಗಳಲ್ಲಿ ಕಡಿಮೆ ಎಂದಾಯಿತು. 63ಕ್ಕೆ ಯಾವ ಅರ್ಥವೂ ಉಳಿಯಲಿಲ್ಲ. ಆದರೂ ಎಕ್ಸ್‌ಪಿ ತನಕ ಆ ಪದ್ಧತಿ ಯಾರೂ ಪ್ರಶ್ನಿಸದೆ ನಡೆದುಬಂತು, ಏಕೆಂದರೆ ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ತೊಂದರೆ ಬಂದದ್ದು ಸೆಕ್ಟರ್ ದೊಡ್ಡದಾದಾಗ. ದಶಕಗಳ ಕಾಲ 512 ಬೈಟ್ ಇದ್ದ ಸೆಕ್ಟರನ್ನು 2010ರ ಸುಮಾರಿಗೆ ಹಾರ್ಡ್‌ಡಿಸ್ಕ್ ತಯಾರಕರು 4,096 ಬೈಟಿಗೆ ಹಿಗ್ಗಿಸಿದರು. ಎಸ್‌ಎಸ್‌ಡಿಗಳೂ ಸಾಮಾನ್ಯವಾಗಿ 4,096 ಬೈಟಿನ ಕಂತೆಗಳಲ್ಲೇ ಲೆಕ್ಕ ಇಡುತ್ತವೆ. ಹಳೆಯ ತಂತ್ರಾಂಶಗಳ ಮುಲಾಜಿಗೆ ಹೊರಗೆ ಮಾತ್ರ 512 ಎಂದು ಹೇಳಿಕೊಳ್ಳುತ್ತವೆ. ಈಗ 32,256ನ್ನು 4,096ರಿಂದ ಭಾಗಿಸಿ: 7.875. ಪೂರ್ಣ ಸಂಖ್ಯೆಯಲ್ಲ. ವಿಂಡೋಸ್ ತನ್ನ ಫೈಲುಗಳನ್ನು 4 ಕೆಬಿ ತುಂಡುಗಳಲ್ಲಿ ಬರೆಯುತ್ತದೆ. ಆ ಒಂದೊಂದು ತುಂಡೂ ಡಿಸ್ಕಿನ ಎರಡು ಕಂತೆಗಳ ಮೇಲೆ ಕಾಲು ಚಾಚಿ ಕೂರುತ್ತದೆ. ಒಂದು ತುಂಡು ಬರೆಯಬೇಕಾದರೆ ಡಿಸ್ಕು ಎರಡೂ ಕಂತೆಗಳನ್ನು ಓದಿ, ಬೇಕಾದಷ್ಟು ತಿದ್ದಿ, ಎರಡನ್ನೂ ಮತ್ತೆ ಬರೆಯಬೇಕು. ಒಂದು ಕೆಲಸಕ್ಕೆ ನಾಲ್ಕು. ಓದುವಾಗ ಇದರ ನೋವು ಅಷ್ಟಾಗಿ ತಿಳಿಯುವುದಿಲ್ಲ. ಬರೆಯುವಾಗ, ಅದರಲ್ಲೂ ಸಣ್ಣಸಣ್ಣ ಬರಹಗಳು ಸಾಲುಗಟ್ಟಿದಾಗ, ಚೆನ್ನಾಗಿಯೇ ತಿಳಿಯುತ್ತದೆ.

ವಿಸ್ಟಾದಿಂದೀಚೆಗೆ ವಿಂಡೋಸ್ ಹೊಸ ಪಾರ್ಟಿಶನನ್ನು 1,048,576ನೇ ಬೈಟಿನಿಂದ ಶುರು ಮಾಡುತ್ತದೆ. ಅದು 4,096ರ ಸರಿಯಾಗಿ 256 ಪಟ್ಟು. ಆದರೆ ತುಮಕೂರಿನ ಲ್ಯಾಪ್‌ಟಾಪ್‌ನಲ್ಲಿ ಹೊಸ ಪಾರ್ಟಿಶನನ್ನು ಯಾರೂ ಮಾಡಿರಲೇ ಇಲ್ಲ. 7 ಬಂದರೂ 10 ಬಂದರೂ ಎಕ್ಸ್‌ಪಿ ಹಾಕಿಕೊಟ್ಟ ಅಡಿಪಾಯ ಕದಲಲಿಲ್ಲ, ಕ್ಲೋನ್ ಅದನ್ನು ಎಸ್‌ಎಸ್‌ಡಿಗೂ ತಂದಿಟ್ಟಿತು. ಬಯೋಸ್‌ನಲ್ಲೂ ಎಕ್ಸ್‌ಪಿಯ ಪಳೆಯುಳಿಕೆ ಇತ್ತು. ಎಕ್ಸ್‌ಪಿಯೊಳಗೆ ಎಎಚ್‌ಸಿಐ ಎಂಬ, ಡಿಸ್ಕಿನೊಡನೆ ವ್ಯವಹರಿಸುವ ವಿಧಾನದ ಡ್ರೈವರ್ ಇರಲಿಲ್ಲವಾದ್ದರಿಂದ ಆಗಿನ ರಿಪೇರಿ ಹುಡುಗರು ಡಿಸ್ಕನ್ನು ಐಡಿಇ ವಿಧಾನಕ್ಕೆ ಇಳಿಸಿ ವಿಂಡೋಸ್ ಹಾಕುತ್ತಿದ್ದರು. ಎಎಚ್‌ಸಿಐಯಲ್ಲಿ ಡಿಸ್ಕಿಗೆ 32 ಕೋರಿಕೆಗಳನ್ನು ಒಟ್ಟಿಗೆ ಕೊಟ್ಟು ‘ನಿನಗೆ ಅನುಕೂಲವಾದಂತೆ ಮುಗಿಸು’ ಎನ್ನಬಹುದು; ಐಡಿಇಯಲ್ಲಿ ಒಂದು ಮುಗಿದ ಮೇಲೆ ಇನ್ನೊಂದು. ಬಯೋಸ್‌ಗೆ ನುಗ್ಗಿ ಸೀದಾ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಮಲಗುತ್ತದೆ. ಮೊದಲು ಸೇಫ್ ಮೋಡ್‌ನಲ್ಲಿ ಏಳುವಂತೆ ಹೊಂದಿಸಿ, ಆಮೇಲೆ ಬಯೋಸ್‌ನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದು, ಮಾಮೂಲಿಗೆ ಮರಳಬೇಕು.

ಇಷ್ಟೇ ಆಗಿದ್ದರೆ ಅಷ್ಟೊಂದು ಆಕಳಿಕೆ ಇರುತ್ತಿರಲಿಲ್ಲ. ಇನ್ನೊಂದು ಕಾರಣ ಫ್ಲ್ಯಾಶ್ ಮೆಮರಿಯ ಜಾಯಮಾನದಲ್ಲೇ ಇದೆ. ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೋಕಾ 1980ರ ದಶಕದಲ್ಲಿ ರೂಪಿಸಿದ ಈ ಮೆಮರಿಯಲ್ಲಿ ದತ್ತಾಂಶವೆಂದರೆ ಪುಟ್ಟ ಕೋಶಗಳಲ್ಲಿ ಸಿಕ್ಕಿಹಾಕಿಕೊಂಡ ಎಲೆಕ್ಟ್ರಾನ್‌ಗಳು. ಅವರ ತಂಡ 1987ರಲ್ಲಿ ಮಂಡಿಸಿದ ನ್ಯಾಂಡ್ ಬಗೆಯೇ ಇವತ್ತಿನ ಎಸ್‌ಎಸ್‌ಡಿ, ಪೆನ್‌ಡ್ರೈವ್, ಮೊಬೈಲುಗಳ ಒಡಲು. ಅದರ ಹಠ ಒಂದೇ: ಬರೆದದ್ದರ ಮೇಲೆ ಮತ್ತೆ ಬರೆಯಲು ಬಿಡುವುದಿಲ್ಲ. ಮೊದಲು ಅಳಿಸಬೇಕು. ಬರೆಯುವುದನ್ನು ಕೆಲವೇ ಕೆಬಿ ಅಳತೆಯ ‘ಪುಟ’ಗಳಲ್ಲಿ ಮಾಡಬಹುದು. ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ‘ಬ್ಲಾಕ್’ ಆಗಿಯೇ. ಹೀಗಾಗಿ ಒಂದು ಪುಟ ತಿದ್ದಬೇಕೆಂದರೆ ಎಸ್‌ಎಸ್‌ಡಿ ಹೊಸ ರೂಪವನ್ನು ಬೇರೊಂದು ಖಾಲಿ ಪುಟದಲ್ಲಿ ಬರೆದು, ಹಳೆಯದನ್ನು ಕಸ ಎಂದು ಗುರುತಿಟ್ಟುಕೊಳ್ಳುತ್ತದೆ. ಬಿಡುವಾದಾಗ ಕಸ ಹೆಚ್ಚಿರುವ ಬ್ಲಾಕ್ ಹುಡುಕಿ, ಅದರಲ್ಲಿ ಉಳಿದ ಒಳ್ಳೆಯ ಪುಟಗಳನ್ನು ಸಾಗಿಸಿ, ಪೂರ್ತಿ ಅಳಿಸುತ್ತದೆ. ಖಾಲಿ ಜಾಗ ಧಾರಾಳ ಇದ್ದಷ್ಟೂ ಕೆಲಸ ಸಲೀಸು.

ಆದರೆ ಯಾವುದು ಕಸ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ನೀವು ಫೈಲೊಂದನ್ನು ಡಿಲೀಟ್ ಮಾಡಿದರೆ ವಿಂಡೋಸ್ ತನ್ನ ಪಟ್ಟಿಯಲ್ಲಿ ಹೆಸರು ಹೊಡೆದು ಸುಮ್ಮನಾಗುತ್ತದೆ. ಡಿಸ್ಕಿನ ದೃಷ್ಟಿಯಲ್ಲಿ ಆ ದತ್ತಾಂಶ ಇನ್ನೂ ಅಮೂಲ್ಯ. ‘ಇಷ್ಟು ಜಾಗ ಈಗ ನನಗೆ ಬೇಡ’ ಎಂದು ವಿಂಡೋಸ್ ಡಿಸ್ಕಿಗೆ ತಿಳಿಸುವ ಆಜ್ಞೆಗೆ ಟ್ರಿಮ್ ಎಂದು ಹೆಸರು. 2009ರ ವಿಂಡೋಸ್ 7ರಿಂದ ಅದು ಬಳಕೆಯಲ್ಲಿದೆ. ಈಗ ಕ್ಲೋನಿಂಗ್ ಹುಡುಗ ‘ಸೆಕ್ಟರ್ ಬೈ ಸೆಕ್ಟರ್’ ಆಯ್ದುಕೊಂಡಿದ್ದಾನೆ ಎನ್ನಿ. ಹಳೆಯ ಡಿಸ್ಕಿನಲ್ಲಿ ಫೈಲುಗಳಿರುವುದು ನೂರು ಜಿಬಿಯಷ್ಟೇ ಇರಬಹುದು. ಆದರೆ ಎಂದೋ ಅಳಿಸಿದ ಸಿನಿಮಾಗಳು, ಚುನಾವಣೆಯ ಕರಪತ್ರಗಳು, ಮುಗಿದುಹೋದ ಮದುವೆಗಳ ಪತ್ರಿಕೆಗಳು ಸಹಿತ ಪ್ರತಿಯೊಂದು ಸೆಕ್ಟರೂ ಎಸ್‌ಎಸ್‌ಡಿಗೆ ಬಂದು ಬೀಳುತ್ತದೆ. ಎಸ್‌ಎಸ್‌ಡಿಗೆ ಅನ್ನಿಸುವುದು ತಾನು ಮೊದಲ ದಿನವೇ ಭರ್ತಿ ಎಂದು! ಅದರ ಬಳಿ ಉಳಿಯುವುದು ತಯಾರಕರು ಗುಟ್ಟಾಗಿ ಕಾದಿರಿಸಿದ ಅಲ್ಪಸ್ವಲ್ಪ ಜಾಗ ಮಾತ್ರ. ಮಾಮೂಲು ಡ್ರೈವುಗಳಲ್ಲಿ ಅದು ಶೇಕಡಾ ಏಳರ ಆಸುಪಾಸು. ಪ್ರತಿ ಸೇವ್‌ಗೂ ಮೊದಲು ಇಡೀ ಬ್ಲಾಕನ್ನು ಸಾಗಿಸಿ, ತೊಳೆದು, ಆಮೇಲೆ ಬರೆಯಬೇಕು. ಪೇಜ್‌ಮೇಕರ್ ಆಕಳಿಸುತ್ತಿದ್ದದ್ದು ಆ ಹೊತ್ತಿನಲ್ಲಿ.

ವಿಂಡೋಸ್ 10 ವಾರಕ್ಕೊಮ್ಮೆ ತಾನೇ ಡ್ರೈವುಗಳನ್ನು ‘ಆಪ್ಟಿಮೈಸ್’ ಮಾಡುತ್ತದೆ, ಆಗ ಖಾಲಿ ಜಾಗಕ್ಕೆಲ್ಲ ಟ್ರಿಮ್ ಕಳಿಸಿ ಈ ಗೊಂದಲವನ್ನು ಬಗೆಹರಿಸುತ್ತದೆ. ತುಮಕೂರಿನ ಯಂತ್ರದಲ್ಲಿ ಏಕೆ ಮಾಡಿರಲಿಲ್ಲ? ಹಾರ್ಡ್‌ಡಿಸ್ಕಿನ ಕಾಲದಲ್ಲಿ ಅದೇ ವೇಳಾಪಟ್ಟಿ ಡಿಫ್ರಾಗ್ (ಚದುರಿದ ತುಣುಕುಗಳನ್ನು ಒಟ್ಟುಗೂಡಿಸುವ ಕೆಲಸ) ಓಡಿಸುತ್ತಿತ್ತು; ಕೆಲಸದ ನಡುವೆ ಡಿಸ್ಕು ಗರಗರ ಎನ್ನುತ್ತದೆಂದು ಯಾರೋ ಅದನ್ನು ಆಫ್ ಮಾಡಿದ್ದರು. ಆಗ ಅದು ಸರಿಯಾದ ಉಪಾಯವೇ ಆಗಿತ್ತು. ಆ ‘ಆಫ್’ ಕೂಡ ಕ್ಲೋನ್ ಆಗಿ ಬಂದಿತ್ತು. ವೇಳಾಪಟ್ಟಿಯನ್ನು ಮತ್ತೆ ಆನ್ ಮಾಡಿ, ‘ಆಪ್ಟಿಮೈಸ್’ ಗುಂಡಿ ಒತ್ತಿದಾಗ ಕೆಲವೇ ಕ್ಷಣಗಳಲ್ಲಿ ಕೆಲಸ ಮುಗಿಯಿತು. ನೂರಾರು ಜಿಬಿ ಬೇಡವಾಯಿತು ಎಂದು ಹೇಳಲು ಅಷ್ಟು ಸಾಕು, ಅಳಿಸುವುದನ್ನು ಡಿಸ್ಕು ತನ್ನ ಬಿಡುವಿನಲ್ಲಿ ಮಾಡಿಕೊಳ್ಳುತ್ತದೆ. ಪಾರ್ಟಿಶನನ್ನು ಸರಿಸುವ ಕೆಲಸ ಮಾತ್ರ ಹೊತ್ತು ಹಿಡಿಯಿತು. ಸಿ ಡ್ರೈವಿನ ಪ್ರತಿ ಬೈಟನ್ನೂ ಮುಂದಕ್ಕೆ ನೂಕಬೇಕು, ಬೂಟ್ ಪಟ್ಟಿಯಲ್ಲಿ ಹೊಸ ವಿಳಾಸ ಬರೆಯಬೇಕು, ನಡುವೆ ಕರೆಂಟು ಹೋಗಬಾರದು. ಬ್ಯಾಕಪ್ ಇಲ್ಲದೆ ಈ ಸಾಹಸಕ್ಕೆ ಇಳಿಯಬಾರದು. ಮುಗಿದ ಮೇಲೆ ಆಫ್‌ಸೆಟ್‌ನ ಸಾಲಿನಲ್ಲಿ 1,048,576 ಕಂಡಿತು, ಸೇವ್ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತಿತ್ತು.

ಎಲ್ಲ ಆಲಸ್ಯವೂ ಹೀಗೆ ಇತಿಹಾಸದಿಂದ ಬರುವುದಿಲ್ಲ. ತೀರ ಸಾಧಾರಣ ಕಾರಣವೆಂದರೆ ವೈರು. ಲ್ಯಾಪ್‌ಟಾಪಿನ ಒಳಗೆ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ತೆಳುವಾದ ಪಟ್ಟಿಯಂಥ ಕೇಬಲ್ ಬಿಚ್ಚಿ ಹಾಕುವಾಗ ಮಡಚಿಕೊಂಡರೆ ದತ್ತಾಂಶ ದಾರಿಯಲ್ಲೇ ಕೆಡುತ್ತದೆ. ಡಿಸ್ಕು ಪ್ರತಿ ಕಂತಿನ ಜೊತೆ ತಾಳೆ ನೋಡುವ ಸಂಖ್ಯೆಯೊಂದನ್ನು ಕಳಿಸುವುದರಿಂದ ಕೆಟ್ಟದ್ದು ಗೊತ್ತಾಗುತ್ತದೆ, ‘ಮತ್ತೊಮ್ಮೆ ಕಳಿಸು’ ಎಂಬ ಕೋರಿಕೆ ಹೋಗುತ್ತದೆ. ಫೈಲು ಹಾಳಾಗುವುದಿಲ್ಲ, ಹೊತ್ತು ಹಾಳಾಗುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯದ ಪಟ್ಟಿ ತೆರೆದರೆ ಸಿಆರ್‌ಸಿ ದೋಷಗಳ (ಆ ತಾಳೆ ತಪ್ಪಿದ ಸಲಗಳ) ಎಣಿಕೆ ಸಿಗುತ್ತದೆ. ಆ ಅಂಕಿ ಎಂದಿಗೂ ಕೆಳಗಿಳಿಯುವುದಿಲ್ಲವಾದ್ದರಿಂದ ಇರುವುದಕ್ಕೆ ಹೆದರಬೇಕಿಲ್ಲ. ಇವತ್ತಿಗೂ ನಾಳೆಗೂ ಏರುತ್ತಿದ್ದರೆ ಕೇಬಲ್ ಬದಲಿಸಬೇಕು. ಈವೆಂಟ್ ವ್ಯೂವರ್‌ನಲ್ಲಿ 129 ಮತ್ತು 153 ಎಂಬ ಎಚ್ಚರಿಕೆಗಳು ಸಾಲಾಗಿ ಬಿದ್ದಿದ್ದರೂ ಅದೇ ದಿಕ್ಕಿನ ಸುಳಿವು: ಡಿಸ್ಕು ಉತ್ತರಿಸಲಿಲ್ಲ, ಮತ್ತೆ ಕೇಳಬೇಕಾಯಿತು.

ಹಳೆಯ ಡಿಸ್ಕು ಕೊನೆಯುಸಿರೆಳೆಯುತ್ತಿದೆ ಎಂದೇ ಕ್ಲೋನ್ ಮಾಡಿಸಿದವರ ಕಥೆ ಬೇರೆ. ಓದಲಾಗದ ಸೆಕ್ಟರ್ ಸಿಕ್ಕಾಗ ಹಾರ್ಡ್‌ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಕೊನೆಗೆ ಕೈಚೆಲ್ಲುತ್ತದೆ. ಕ್ಲೋನ್ ತಂತ್ರಾಂಶ ಅಲ್ಲಿ ಸೊನ್ನೆ ತುಂಬಿ ಮುಂದೆ ಹೋಗುತ್ತದೆ. ಆ ಸೊನ್ನೆಗಳು ವಿಂಡೋಸ್‌ನ ಯಾವುದೋ ಕಡತದ ನಡುವೆ ಬಿದ್ದರೆ, ಹೊಸ ಡಿಸ್ಕು ಗಟ್ಟಿಮುಟ್ಟಾಗಿದ್ದರೂ ಅದರ ಮೇಲಿನ ವಿಂಡೋಸ್ ಕುಂಟುತ್ತದೆ. ಸಿಸ್ಟಂ ಫೈಲ್ ಚೆಕರ್ ಓಡಿಸಿದರೆ ವಿಂಡೋಸ್‌ನ ಸ್ವಂತ ಕಡತಗಳು ದುರಸ್ತಿಯಾಗುತ್ತವೆ. ಸಾಯುತ್ತಿರುವ ಡಿಸ್ಕನ್ನು ನಕಲಿಸಲು ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಒಳ್ಳೆಯದು: ಅದು ಕೆಟ್ಟ ಜಾಗಗಳನ್ನು ಮೊದಲು ಹಾರಿಸಿ, ಚೆನ್ನಾಗಿರುವುದನ್ನೆಲ್ಲ ಸುರಕ್ಷಿತವಾಗಿ ತೆಗೆದಿಟ್ಟು, ಆಮೇಲೆ ಕೆಟ್ಟದ್ದರ ಸುತ್ತ ಕೆದಕುತ್ತದೆ.

ಎಸ್‌ಎಸ್‌ಡಿ ದುಬಾರಿ ಎಂದು ಇನ್ನೊಂದು ದೊಡ್ಡ ಹಾರ್ಡ್‌ಡಿಸ್ಕಿಗೇ ಕ್ಲೋನ್ ಮಾಡಿಸಿದವರೂ ಇದ್ದಾರೆ. ಅವರು ಎಸ್‌ಎಂಆರ್ ಎಂಬ ಬಗೆಯ ಬಗ್ಗೆ ತಿಳಿದಿರಬೇಕು. ಜಾಡುಗಳನ್ನು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಹೊದಿಸಿ ಕಿರಿದಾದ ಜಾಗದಲ್ಲಿ ಹೆಚ್ಚು ತುಂಬುವ ತಂತ್ರ ಅದು. ನಡುವಿನ ಒಂದು ಹೆಂಚು ಬದಲಿಸಬೇಕೆಂದರೆ ಮೇಲಿನ ಸಾಲುಗಳನ್ನೆಲ್ಲ ತೆಗೆದು ಹೊದಿಸಬೇಕು. ಫೋಟೊ ಪೇರಿಸಿಡಲು ಅಡ್ಡಿಯಿಲ್ಲ. ದಿನವಿಡೀ ಸಣ್ಣಪುಟ್ಟ ಬರಹ ನಡೆಸುವ ವಿಂಡೋಸ್‌ಗೆ ಅದು ಹೇಳಿಸಿದ್ದಲ್ಲ. ತೆಳುವಾದ, 1–2 ಟಿಬಿ ಸಾಮರ್ಥ್ಯದ ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ಅನೇಕವು ಇದೇ ಬಗೆಯವು. ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ, ಮಾಡೆಲ್ ಸಂಖ್ಯೆ ಹಿಡಿದು ಹುಡುಕಬೇಕು.

ಟಾಸ್ಕ್ ಮ್ಯಾನೇಜರ್ ‘ಡಿಸ್ಕು ಆರಾಮಾಗಿದೆ’ ಎಂದರೆ ಬಿಚ್ಚಿ ಮುಚ್ಚಿದ ಕೈಗಳತ್ತ ನೋಡಬೇಕು. ಡಿಸ್ಕ್ ಬದಲಿಸಲು ಕೆಳಮುಚ್ಚಳ ತೆಗೆದಾಗ ಫ್ಯಾನಿನ ಪುಟ್ಟ ವೈರು ಕಳಚಿ ಹಾಗೇ ಉಳಿದಿರಬಹುದು. ಪ್ರೊಸೆಸರ್ ಕಾದು, ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದು ಸಡಿಲವಾಗಿ 8 ಜಿಬಿಯ ಜಾಗದಲ್ಲಿ 4 ಕಾಣಿಸಬಹುದು. ಚಾರ್ಜರಿನ ಪಿನ್ನಿನ ಮೂಲಕ ತನ್ನ ಗುರುತು ಹೇಳುವ ಚಿಪ್ ಕೆಲವು ಕಂಪನಿಗಳ ಚಾರ್ಜರುಗಳಲ್ಲಿರುತ್ತದೆ. ಆ ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಅದನ್ನು ನಂಬದೆ ಪ್ರೊಸೆಸರನ್ನು ಒಂದು ಗಿಗಾಹರ್ಟ್ಸ್‌ಗಿಂತ ಕೆಳಗೆ ಕಟ್ಟಿಹಾಕುವುದೂ ಉಂಟು. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ‘ಸ್ಪೀಡ್’ ಸಾಲು ಎಷ್ಟು ಕೆಲಸ ಕೊಟ್ಟು ಜಪ್ಪಯ್ಯ ಎಂದರೂ ಅಲುಗದಿದ್ದರೆ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಓಡಿಸಿ ನೋಡಿ.

ಹಾಗಾದರೆ ಯಾವಾಗ ಕ್ಲೋನಿನ ಆಸೆ ಬಿಟ್ಟು ವಿಂಡೋಸನ್ನು ಹೊಸದಾಗಿ ಹಾಕಬೇಕು? ಪೇಜ್‌ಮೇಕರಿನಂಥ ಬಿಡಿಸಲಾಗದ ನಂಟಿಲ್ಲದ ಮನೆಬಳಕೆಯ ಯಂತ್ರವಾದರೆ ಮೊದಲೇ ಹಾಕಬಹುದು ಎಂಬುದು ನನ್ನ ಅಭಿಪ್ರಾಯ. ಫೋಟೊ, ಕಡತ, ಬುಕ್‌ಮಾರ್ಕುಗಳನ್ನು ತೆಗೆದಿಟ್ಟುಕೊಂಡರೆ ಅರ್ಧ ದಿನದ ಕೆಲಸ. ಪಾರ್ಟಿಶನನ್ನೂ ಹೊಸದಾಗಿ ಮಾಡಿ, ಬಯೋಸ್‌ನಲ್ಲಿ ಎಎಚ್‌ಸಿಐ ಆಯ್ದುಕೊಂಡರೆ ಆಫ್‌ಸೆಟ್, ಐಡಿಇ, ಟ್ರಿಮ್, ಮರೆತುಹೋದ ಹತ್ತು ಪ್ರೋಗ್ರಾಮುಗಳ ಅವಶೇಷ, ಎಲ್ಲವೂ ಒಂದೇ ಏಟಿಗೆ ಹೋಗುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದ್ದರಿಂದ ಅದನ್ನೇ ಕ್ಲೋನ್ ಮಾಡಿ ಇನ್ನೈದು ವರ್ಷ ದೂಡುವ ಲೆಕ್ಕಾಚಾರವೂ ಈಗ ಅಷ್ಟು ಗಟ್ಟಿಯಲ್ಲ. ಡಿಟಿಪಿ ಅಂಗಡಿಯಂಥ ಕಡೆ ಕ್ಲೋನೇ ಸರಿ. ಆದರೆ ‘ಸೆಕ್ಟರ್ ಬೈ ಸೆಕ್ಟರ್’ ಬೇಡ, ಬಳಕೆಯಲ್ಲಿರುವ ಭಾಗ ಮಾತ್ರ ಸಾಕು. ಎಸ್‌ಎಸ್‌ಡಿಗೆ ತಕ್ಕಂತೆ ಹೊಂದಿಸುವ ಆಯ್ಕೆ ಇದ್ದರೆ ಅದನ್ನು ಗುರುತು ಮಾಡಿಸಿ. ಇಂಟರ್ನೆಟ್ಟಿಗೆ ಜೋಡಿಸದೆ ಆ ಯಂತ್ರವನ್ನು ಪತ್ರಿಕೆ ಮಾಡಲಷ್ಟೇ ಇಟ್ಟುಕೊಳ್ಳಿ.

ಬಿಚ್ಚಿಟ್ಟ ಹಳೆಯ ಡಿಸ್ಕನ್ನು ತಿಂಗಳೊಪ್ಪತ್ತು ಮುಟ್ಟಬೇಡಿ, ಏನಾದರೂ ಬಿಟ್ಟುಹೋಗಿದ್ದರೆ ಅದೇ ಆಸರೆ. ಆಮೇಲೆ ಗುಜರಿಗೆ ಹಾಕುವುದಾದರೆ ಫಾರ್ಮ್ಯಾಟ್ ಮಾಡುವಾಗ ‘ಕ್ವಿಕ್’ ಎಂಬ ಗುರುತನ್ನು ತೆಗೆಯಿರಿ. ಕ್ವಿಕ್ ಫಾರ್ಮ್ಯಾಟ್ ಪಟ್ಟಿಯನ್ನಷ್ಟೇ ಅಳಿಸುತ್ತದೆ, ಗಿರಾಕಿಗಳ ಆಧಾರ್ ಪ್ರತಿಗಳು, ನಿಮ್ಮ ಪಾಸ್‌ವರ್ಡುಗಳು ತಟ್ಟೆಯ ಮೇಲೆ ಇದ್ದಲ್ಲೇ ಇರುತ್ತವೆ. ಪೂರ್ತಿ ಫಾರ್ಮ್ಯಾಟ್ ಆದರೆ ವಿಂಡೋಸ್ ಇಡೀ ಪಾರ್ಟಿಶನ್ ಮೇಲೆ ಸೊನ್ನೆ ಬರೆಯುತ್ತದೆ. 500 ಜಿಬಿ ಡಿಸ್ಕಿಗೆ ಒಂದೂವರೆಯಿಂದ ಎರಡು ಗಂಟೆ. ಒಂದಕ್ಕಿಂತ ಹೆಚ್ಚು ಪಾರ್ಟಿಶನ್ ಇದ್ದರೆ ಡಿ, ಇ ಡ್ರೈವುಗಳಿಗೂ ಅದನ್ನೇ ಮಾಡಬೇಕು.